ಎಡಗೈಗೆ ಮುಂದಿನ ಬ್ರೇಕು

ಏರ್‌ಫೋರ್ಸಿನ ಹುಡುಗನೊಬ್ಬ ವರ್ಗವಾಗಿ ಹೋಗುವಾಗ
ಬಿಟ್ಟುಕೊಟ್ಟ ಸೈಕಲ್ಲು:
ಒಂದು ಬಿದರಿ ಸುರಾಹಿ, ಮೇಲೆ ಎರಡೂವರೆ ಸಾವಿರ.
ಆ ಸುರಾಹಿಯ ಕತ್ತಿಗೆ ಬಳ್ಳಿ ಕೂರಿಸುವಾಗಲೇ
ನನ್ನ ಬಲಗೈಯ ಎರಡು ಬೆರಳು ಜೋಮು ಹಿಡಿದವು.
ಜೋಮು ಇಳಿಯಲಿಲ್ಲ.
ಅವನಿಗೆ ಹೇಳಲಿಲ್ಲ ನಾನು. ಬೆಳ್ಳಿ ನೆಟ್ಟಗಿತ್ತು, ಸಾಕು.

ಮುಂದಿನ ಬ್ರೇಕು ಬಲಕ್ಕೆ.
ಚೌಬಾರಾದ ಹತ್ತಿರ ಒಂದು ಸಂಜೆ
ಬೆರಳು ಒತ್ತಿದವೋ ಇಲ್ಲವೋ ಬೆರಳಿಗೇ ಗೊತ್ತಾಗಲಿಲ್ಲ.
ಬಾಳೆಹಣ್ಣಿನ ಬಂಡಿಯವನು ಕನ್ನಡದಲ್ಲಿ ಬೈದ,
ಅದು ಸಾಲದೆಂದು ದಖ್ಖನಿಯಲ್ಲೂ ಬೈದ,
ಆಮೇಲೆ ಬಿದ್ದ ಹಣ್ಣಲ್ಲಿ ಒಂದನ್ನು ನನಗೇ ಸುಲಿದು ಕೊಟ್ಟ.

ನೌಬಾದಿನ ವೈಜಿನಾಥ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ.
"ತಂತಿ ಅಲ್ಲಲ್ರೀ ಚಾಚಾ, ಬಿಚ್ಚಿ ಅತ್ಲಾಗ ಕಟ್ಟಲಾಕ.
ಒಳಗ ಎಣ್ಣಿ ಅದ."
"ಲಿವರನ್ನೇ ಉಲ್ಟಾ ಹಚ್ಚಿಬಿಡು."
"ಡಬ್ಬಿ ತೆಳಗಾಗ್ತದ. ಗಾಳಿ ಎಣ್ಣಿದಾರಿ ಹಿಡೀತದ.
ನಳಿನೇ ಅದಲು ಬದಲು ಮಾಡಬೇಕು, ಕೂಡ್ರಿ."

ಕೂತೆ. ಗ್ರೀಸಿನ ಡಬ್ಬಿಯ ಮೇಲೆ.
ಅವನು ಚಕ್ರ ಎರಡೂ ಕಳಚಿದ,
ಕ್ಯಾಲಿಪರಿನ ಬಾಯಿಗೆ ಮರದ ತುಂಡು ಕಚ್ಚಿಸಿದ,
ಮಗುವಿನ ಹಲ್ಲಿಗೆ ಚಮಚ ಕೊಟ್ಟ ಹಾಗೆ.
ನಳಿಗೆಯ ತುದಿ ಬ್ಲೇಡಿನಲ್ಲಿ ಕೊಯ್ದ,
ಹಳೆ ಹಿತ್ತಾಳೆ ಉಂಗುರ ಎಸೆದು ಹೊಸದು ತೊಡಿಸಿದ.
ನನಗೆ ಆ ಉಂಗುರದ ಮೇಲೆ ಕಣ್ಣು.
ಇಷ್ಟು ಸಣ್ಣದು, ಇದೇ ಏನು ಎಲ್ಲ ಹಿಡಿದಿಡುವುದು?

ಈ ಊರಿನ ನೆಲದಡಿ ಕಾರೇಜಿನ ನೀರು
ಯಾರ ಕಣ್ಣಿಗೂ ಬೀಳದೆ ನಡೆಯಿತಂತೆ.
ತೋಡಿದವರು ಅಲ್ಲಲ್ಲಿ ಗಾಳಿಗೆಂದೇ ಬಾವಿ ಬಿಟ್ಟರು.
ನಾವಿಬ್ಬರೂ ಒಂದು ಸಿರಿಂಜ್ ಹಿಡಿದು
ತಾಸುಗಟ್ಟಲೆ ಗಾಳಿಯನ್ನು ಹೊರಗೆ ಹಾಕುತ್ತ ಕೂತೆವು.

"ನಳಿ ಮ್ಯಾಲ ಸಣ್ಣಗ ಬಡೀರಿ. ನಿಮಗ ಬರ್ತದ."
ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದೆ,
ತೋಡಿದ ಗೆರೆಗೆ ಬೆಳ್ಳಿ ತಂತಿ ಕೂರಿಸುವಷ್ಟೇ ಮೆತ್ತಗೆ.
ಒಂದು ಗುಳ್ಳೆ ಎದ್ದಿತು.
ಸಾಸಿವೆಯಷ್ಟು ಇನ್ನೊಂದು, ನಾಚುತ್ತ.

ಆಗ ಹೊಳೆಯಿತು ನೋಡಿ:
ಮೂವತ್ತು ವರ್ಷ ಬಲಗೈ ಸುತ್ತಿಗೆ ಹಿಡಿದಿದೆ, ಹೊಡೆದಿದೆ,
ಹೊಗಳಿಕೆ ಎಲ್ಲ ಅದೇ ತಿಂದಿದೆ.
ಎಡಗೈ ಉಳಿ ಹಿಡಿದಿದೆ.
ಎಲ್ಲಿಯವರೆಗೆ, ಇನ್ನು ಸಾಕು, ಇಲ್ಲಿ ತಿರುಗು,
ಇಷ್ಟೂ ಹೇಳುತ್ತಿದ್ದದ್ದು ಎಡಗೈ.
ತಡೆಯುವ ಕೆಲಸ ಮೊದಲಿಂದ ಅದರದೇ.

ವೈಜಿನಾಥನಿಗೆ ಹೇಳಿದೆ. ಅವನು ಎಣ್ಣೆ ಒರೆಸುತ್ತ
"ನೂರಾ ಎಂಬತ್ತು ಕೊಡ್ರಿ" ಎಂದ.
ಹೊರಡುವಾಗ ಮಾತ್ರ ಹಿಂದಿನಿಂದ ಕೂಗಿದ:
"ಎಣ್ಣಿ ಬದ್ಲಿ ಮಾಡೀನಿ. ಕೈ ನೀವು ಬದ್ಲಿ ಮಾಡ್ಕೋರಿ!"

ಎಲ್ಲಿ? ಶಹಾಗಂಜಿನ ತಿರುವಿನಲ್ಲಿ ಆಡೊಂದು ನಿಂತಿತ್ತು.
ಬಲಗೈಯೇ ಮೊದಲು ಓಡಿತು, ಹಳೆ ನೌಕರನ ಹಾಗೆ.
ಹಿಂಗಾಲಿ ಜಾರಿ ಕೆಂಪು ಮಣ್ಣಿನ ಮೇಲೆ
ಉದ್ದಕ್ಕೊಂದು ಗೆರೆ ಬಿತ್ತು,
ನನ್ನ ಕೈಯಿಂದ ಹೊರಟ ಗೆರೆಗಳಲ್ಲಿ ಅತಿ ಸೊಟ್ಟದ್ದು.
ಆಡು ಕದಲಲಿಲ್ಲ. ಕಾಗದ ಅಗಿಯುತ್ತ ನೋಡಿತು.

ಎಡ ಲಿವರು ಇನ್ನೂ ತುಸು ಮೆತ್ತಗೆ.
ಎಲ್ಲೋ ಒಂದು ಗುಳ್ಳೆ ಉಳಿದಿದೆ.
"ರಾತ್ರಿ ಒತ್ತಿ ಹಿಡಿದು ರಬ್ಬರ್ ಕಟ್ಟಿಡ್ರಿ,
ತಾನೇ ಮ್ಯಾಲ ಬರ್ತದ," ಅಂದಿದ್ದ.

ಕಟ್ಟಿದೆ, ನಸ್ರೀನಳ ಜಡೆಯ ರಬ್ಬರ್ ಕೇಳಿ ತಂದು.
ಆಮೇಲೆ ಅವಳೇ ನನ್ನ ಮಣಿಕಟ್ಟಿಗೂ
ಡಾಕ್ಟರ ಪಟ್ಟಿ ಬಿಗಿದಳು, ರಾತ್ರಿಗೆ ಮಾತ್ರ ಎಂದಿರುವ ಪಟ್ಟಿ.
ಪಡಸಾಲೆಯಲ್ಲಿ ಸೈಕಲ್ಲು, ಮಂಚದ ಮೇಲೆ ನಾನು,
ಇಬ್ಬರದೂ ಒಂದೊಂದು ಕೈ ಕಟ್ಟು.

ಬೆಳಿಗ್ಗೆ ರಬ್ಬರ್ ಬಿಚ್ಚಿ ಒತ್ತಿದೆ.
ಲಿವರು ಕಲ್ಲಿನ ಹಾಗೆ ಗಟ್ಟಿ.

ಪಟ್ಟಿ ಇನ್ನೂ ಬಿಚ್ಚಿಲ್ಲ.
ಚಹಾ ಬರಲಿ ಮೊದಲು.